ಮರಕುಟಿಗ ಬೇಕೆ? ಒಣಮರ ಹುಡುಕಿ

"ಎಲೆನೇ ಇಲ್ದಿರೋ ಮರದಲ್ಲಿ ಎಂತ ನೋಡ್ತೀರಿ ಮಾರಾಯ್ರೆ?"

ಕೊಪ್ಪದಾಚೆಗಿನ ಅಡಿಕೆ ತೋಟವೊಂದರ ಅಂಚಿನಲ್ಲಿ ಕತ್ತೆತ್ತಿ ನಿಂತಿದ್ದ ನಮ್ಮನ್ನು ತೋಟದ ಯಜಮಾನರು ಕೇಳಿದರು. ಕೇಳಿದ್ದು ಸರಿಯೇ. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು: ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಕಾಫಿ, ಮೇಲೆ ಸೊಪ್ಪಿನಬೆಟ್ಟ. ನಾವು ಮೂವರು ಮಾತ್ರ ಅರ್ಧ ಗಂಟೆಯಿಂದ, ಸಿಡಿಲು ಬಡಿದು ಸತ್ತ ಹೆಬ್ಬಲಸಿನ ಮರವೊಂದಕ್ಕೆ ದುರ್ಬೀನು ಹಿಡಿದು ನಿಂತಿದ್ದೆವು. ಅದರ ತೊಗಟೆ ಅರ್ಧಕ್ಕರ್ಧ ಕಳಚಿ ಬಿದ್ದಿತ್ತು. ಮೂರಾಳೆತ್ತರದಲ್ಲಿ ಒಂದರ ಮೇಲೊಂದು ಮೂರು ತೂತು. ಕೆಳಗಿನ ಎರಡರ ಅಂಚು ಮಳೆಗೆ ನೆಂದು ಬೂದಿಬಣ್ಣಕ್ಕೆ ತಿರುಗಿತ್ತು. ಮೇಲಿನದರ ಅಂಚು ಮಾತ್ರ ನಿನ್ನೆ ಉಳಿ ಹಾಕಿದ ಹಾಗೆ ಹಳದಿ. ಬುಡದ ದರಗಿನ ಮೇಲೆ ಹೊಸ ಚಕ್ಕೆಗಳು ಚೆಲ್ಲಿದ್ದವು.

"ಬರೋ ವಾರ ಕೊಯ್ಸಿ ಸೌದೆ ಮಾಡ್ಬೇಕು ಅಂತಿದ್ದೆ" ಎಂದರು ಯಜಮಾನರು.

ಆ ಮಾತು ಮುಗಿಯುವಷ್ಟರಲ್ಲಿ ಬೆಟ್ಟದ ಕಡೆಯಿಂದ ಕಿರ್ರನೆ ಒಂದು ಕೂಗು. ಅಲೆಯ ಮೇಲೆ ಏರಿಳಿದಂತೆ ಹಾರುತ್ತ ಬಂದ ಹಕ್ಕಿ ಮರದ ಕಾಂಡಕ್ಕೆ ತಟ್ಟನೆ ಅಂಟಿಕೊಂಡಿತು. ಬೆನ್ನು ಚಿನ್ನದ ಬಣ್ಣ, ನೆತ್ತಿಯ ಮೇಲೆ ಕೆಂಪು ಜುಟ್ಟು. ನಮ್ಮನ್ನು ಕಂಡದ್ದೇ ಸರ್ರನೆ ಕಾಂಡದ ಆಚೆ ಮಗ್ಗುಲಿಗೆ ಸರಿಯಿತು. ಒಂದು ಕಣ್ಣಷ್ಟೇ ಹೊರಗೆ ಹಾಕಿ ಇಣುಕಿತು. ನಾವು ಉಸಿರು ಬಿಗಿಹಿಡಿದು ನಿಂತೆವು. ಐದು ನಿಮಿಷ ಕಳೆದ ಮೇಲೆ ಧೈರ್ಯ ಮಾಡಿ ಮೇಲಿನ ತೂತಿನ ಬಳಿಗೆ ಬಂತು, ತಲೆ ಒಳಗೆ ತೂರಿಸಿತು, ಕೊಕ್ಕಿನ ತುಂಬ ಮರದ ಹೊಟ್ಟು ತಂದು ಗಾಳಿಗೆ ತೂರಿತು. ಮತ್ತೆ ಒಳಗೆ, ಮತ್ತೆ ಹೊರಗೆ. ಬಾವಿ ತೋಡುವವರು ಮಣ್ಣು ಎತ್ತಿ ಹಾಕುವ ಹಾಗೆ. ಯಜಮಾನರು ನನ್ನ ದುರ್ಬೀನು ಇಸಿದುಕೊಂಡವರು ಬಹಳ ಹೊತ್ತು ಹಿಂದೆ ಕೊಡಲಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಜನವರಿ ಕೊನೆಯ ಎರಡು ದಿನ ಮರಕುಟಿಗ ಹುಡುಕಿ ಸುತ್ತಿದ ನಮಗೆ ಆ ಮರ ಹೇಳಿಕೊಟ್ಟದ್ದು ಒಂದೇ ಪಾಠ. ಈ ಹಕ್ಕಿ ಬೇಕಾದರೆ ಮೊದಲು ಒಣಮರ ಹುಡುಕಬೇಕು. ಒಣಮರ ಇರುವಲ್ಲಿ ಇದು ಇರುತ್ತದೆ. ಒಣಮರ ಹೋದಲ್ಲಿ ಇದೂ ಹೋಗುತ್ತದೆ, ಇದರ ಹಿಂದೆ ಇನ್ನೂ ಹತ್ತು ಜೀವ ಹೋಗುತ್ತವೆ.

ಮಳೆ ಬರೆದ ನಕ್ಷೆ

ಮೂರೂ ತಾಲ್ಲೂಕು ಒಂದರ ಪಕ್ಕ ಒಂದಿವೆ. ಆದರೆ ಕಾಡು ಒಂದೇ ಅಲ್ಲ. ಪಶ್ಚಿಮಕ್ಕೆ ಶೃಂಗೇರಿಯ ಬೆನ್ನಿಗೇ ಘಟ್ಟದ ಅಂಚು. ಅಲ್ಲಿಂದ ಬೆಟ್ಟ ದಾಟಿದರೆ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆ. ಪೂರ್ವಕ್ಕೆ ಬಂದಂತೆ ಮಳೆ ಕೈ ಬಿಗಿಮಾಡುತ್ತದೆ. ಕಿಗ್ಗದ ಋಷ್ಯಶೃಂಗನಿಗೆ ಮಳೆಗಾಗಿ ಹರಕೆ ಹೊರುವ ಸೀಮೆಯಿಂದ ಹೊರಟು ನರಸಿಂಹರಾಜಪುರ ಸೇರುವಷ್ಟರಲ್ಲಿ ನಿತ್ಯಹರಿದ್ವರ್ಣದ ಕತ್ತಲೆ ಕಾಡು ತೆಳುವಾಗಿ, ಬೇಸಿಗೆಗೆ ಎಲೆ ಉದುರಿಸುವ ಮತ್ತಿ, ಹೊನ್ನೆ, ನಂದಿ, ತೇಗಗಳ ಕಾಡಾಗಿರುತ್ತದೆ. ಕಾಡು ಬದಲಾದಂತೆ ಮರಕುಟಿಗವೂ ಬದಲಾಗುತ್ತದೆ. ಎರಡು ದಿನದ ರಜೆಯಲ್ಲಿ ಮೂರು ಬಗೆಯ ಕಾಡು ನೋಡುವ ಅನುಕೂಲ ಕರ್ನಾಟಕದಲ್ಲಿ ಎಲ್ಲೆಡೆ ಸಿಗುವುದಲ್ಲ.

ನಾವು ಒಣಗಿದ ಕಡೆಯಿಂದಲೇ ಶುರು ಮಾಡಿದೆವು. ನರಸಿಂಹರಾಜಪುರದ ಹಳೆಯ ಹೆಸರು ಎಡೆಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರು ಆಮೇಲೆ ಬಂದದ್ದು. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಗೆ ಬರುವ ಯಾತ್ರಿಕರಿಗೆ ಈ ಊರು ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ತರೀಕೆರೆಯಿಂದ ಕಾಡಿನ ನಡುವೆ ಇಲ್ಲಿಗೆ ಪುಟ್ಟ ರೈಲು ಓಡುತ್ತಿತ್ತು. ಲಕ್ಕವಳ್ಳಿಯಲ್ಲಿ 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಊರಿನ ಹತ್ತಿರದವರೆಗೂ ಬಂತು. ಗದ್ದೆ, ತೋಟ, ಕಾಡು ಮುಳುಗಿದವು.

ಮುಳುಗಿದ ಕಾಡಿನ ಮರಗಳು ಪೂರ್ತಿ ಹೋಗಿಲ್ಲ. ಮಳೆಗಾಲ ಮುಗಿದು ನೀರು ಇಳಿಯುತ್ತ ಬಂದಂತೆ ಬೋಳು ಕಾಂಡಗಳು ಒಂದೊಂದಾಗಿ ತಲೆ ಎತ್ತುತ್ತವೆ. ಅವುಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದ್ದವು. ದಡದ ಕಾಡಿನಲ್ಲಿ ಎಲೆ ಉದುರಲು ಆಗತಾನೆ ಶುರುವಾಗಿತ್ತು. ಹಕ್ಕಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕೊಂಬೆಗಳು ಬಯಲಾಗತೊಡಗಿರುತ್ತವೆ, ಮರಕುಟಿಗಗಳಿಗೆ ಗೂಡಿನ ಸಮಯ ಬಂದಿರುತ್ತದೆ, ತಬಲಾ ಬಾರಿಸಿದಂತೆ ಒಣಕೊಂಬೆಯ ಮೇಲೆ ಕೊಕ್ಕು ಬಡಿದು ತಮ್ಮ ಎಲ್ಲೆ ಸಾರುತ್ತಿರುತ್ತವೆ.

ಮೊದಲು ಸಿಕ್ಕಿದ್ದು ಗುಬ್ಬಚ್ಚಿಗಿಂತ ದೊಡ್ಡದೇನಲ್ಲದ ಕಂದುನೆತ್ತಿಯ ಕುಬ್ಜ ಮರಕುಟಿಗ. ಉದ್ದ ಸುಮಾರು 13 ಸೆಂಟಿಮೀಟರ್. ದೊಡ್ಡ ಕಾಂಡಗಳ ಗೊಡವೆಗೆ ಅದು ಹೋಗುವುದಿಲ್ಲ, ಬೆರಳು ಗಾತ್ರದ ಒಣಕಡ್ಡಿಗಳಲ್ಲೇ ಅದರ ಸಂಸಾರ. ಆಮೇಲೆ ನೆಲದಿಂದ ಎದ್ದು ಹಾರಿದ್ದು ಹಸಿರು ಮೈ, ಎದೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳ ಮರಕುಟಿಗ. ಮರ ಕುಟ್ಟುವ ಹಕ್ಕಿಗೆ ನೆಲದಲ್ಲೇನು ಕೆಲಸ? ಇರುವೆ, ಗೆದ್ದಲು ಹೆಕ್ಕುವುದು. ದಾರಿ ಬದಿಯ ಒಂಟಿ ಮತ್ತಿಮರದಲ್ಲಿ ಸೊಂಟ ಕಪ್ಪಗಿರುವ ಹೊನ್ನಬೆನ್ನಿನ ಮರಕುಟಿಗ ಕುದುರೆ ಕೆನೆದಂತೆ ನಕ್ಕು ಹಾರಿತು. ಬಯಲುಸೀಮೆಯ ಮಾವಿನ ತೋಪು, ತೆಂಗಿನ ತೋಟಗಳಲ್ಲೂ ಕಾಣುವುದು ಇದೇ. ಬೆಂಗಳೂರಿನ ಉದ್ಯಾನಗಳಲ್ಲೂ ಇದೆ.

ಇಲ್ಲೊಂದು ಮಾತು ಹೇಳಬೇಕು. ಮಕ್ಕಳ ಪುಸ್ತಕಗಳಲ್ಲಿ, ವಾಟ್ಸ್ಆ್ಯಪ್ ಚಿತ್ರಗಳಲ್ಲಿ ಮರಕುಟಿಗ ಎಂದು ತೋರಿಸುವ, ಬೀಸಣಿಗೆಯಂಥ ಕಿರೀಟ, ಬಾಗಿದ ತೆಳು ಕೊಕ್ಕಿನ ಹಕ್ಕಿ ಬಹಳ ಸಲ ಚಂದ್ರಮುಕುಟ. ಅದು ಹುಲ್ಲುನೆಲ ಕೆದಕಿ ಹುಳ ತೆಗೆಯುವ ಹಕ್ಕಿ. ಅದರ ಕೊಕ್ಕಿನಲ್ಲಿ ಮರ ಕೊರೆಯಲು ಹೋದರೆ ಕೊಕ್ಕೇ ಮುರಿದೀತು. ಮರಕುಟಿಗದ ಕೊಕ್ಕು ನೆಟ್ಟಗೆ, ದಪ್ಪ, ತುದಿಗೆ ಬಡಗಿಯ ಉಳಿ. ಅದರ ಹತ್ತಿರದ ನೆಂಟ ಚಂದ್ರಮುಕುಟವಲ್ಲ. ಮಲೆನಾಡಿನಲ್ಲಿ ಬೆಳಗಿನಿಂದ ಬೈಗಿನವರೆಗೆ 'ಕುಟ್ರು ಕುಟ್ರು' ಎಂದು ತಲೆ ತಿನ್ನುವ ಕುಟ್ರ ಹಕ್ಕಿ ಅದರ ದಾಯಾದಿ. ಅದೂ ಮೆತ್ತಗಾದ ಕೊಂಬೆ ಕೊರೆದೇ ಗೂಡು ಮಾಡುತ್ತದೆ.

ತಳೆ, ಮಣೆ ಮತ್ತು ಮೆಟ್ಟುಗತ್ತಿ

ಕುವೆಂಪು ಹುಟ್ಟಿದ ಹಿರೇಕೊಡಿಗೆ ಇರುವುದು ಕೊಪ್ಪ ತಾಲ್ಲೂಕಿನಲ್ಲಿ. ಕಾಜಾಣಕ್ಕೆ ಕನ್ನಡ ಕಾವ್ಯದಲ್ಲಿ ಪಟ್ಟ ಕಟ್ಟಿದವರ ಊರು. ಹಾಡು ಬಾರದ ಮರಕುಟಿಗಕ್ಕೆ ಅಂಥ ಭಾಗ್ಯ ಬರಲಿಲ್ಲ. ಆದರೆ ಕೊಪ್ಪದ ಅಡಿಕೆ ತೋಟದಲ್ಲಿ ಅದಕ್ಕೊಬ್ಬ ಸರಿಜೋಡಿ ಇದ್ದಾನೆ: ಕೊನೆಗಾರ.

ಅಡಿಕೆ ಮರ ಹತ್ತುವ ಕೊನೆಗಾರ ಜಾರದಿರಲು ಪಾದಗಳಿಗೆ ತಳೆ ಹಾಕಿಕೊಳ್ಳುತ್ತಾನೆ. ಮೇಲೆ ಹೋದ ಮೇಲೆ ಭಾರ ಬಿಡಲು ಮಣೆ ಬೇಕು. ಇಲ್ಲದಿದ್ದರೆ ಕೈ ಎರಡೂ ಮರ ತಬ್ಬುವುದರಲ್ಲೇ ಮುಗಿದು ಕೊನೆ ಕೊಯ್ಯುವುದು ಹೇಗೆ? ಮರಕುಟಿಗಕ್ಕೆ ಈ ಎರಡೂ ಹುಟ್ಟಿನಿಂದಲೇ ಬಂದಿವೆ. ಸಾಮಾನ್ಯವಾಗಿ ಹಕ್ಕಿಗಳ ಬೆರಳು ಮುಂದಕ್ಕೆ ಮೂರು, ಹಿಂದಕ್ಕೆ ಒಂದು. ಬಹುಪಾಲು ಮರಕುಟಿಗಗಳಿಗೆ ಮುಂದೆ ಎರಡು, ಹಿಂದೆ ಎರಡು. ನೆಟ್ಟಗಿನ ಕಾಂಡದ ಮೇಲೆ ಇಕ್ಕಳದ ಹಿಡಿತ. ಅದು ತಳೆ. ಬಾಲದ ಗರಿಗಳು ಬಿದಿರಿನ ಕಡ್ಡಿಯಷ್ಟು ಬಿರುಸು. ಅವನ್ನು ಕಾಂಡಕ್ಕೆ ಒತ್ತಿ ಹಿಂದಕ್ಕೆ ಒರಗಿದರೆ ಮೂರನೆಯ ಕಾಲು ಸಿಕ್ಕಂತೆ. ಅದು ಮಣೆ. ಬಾಲ ಊರದೆ ಕುಟ್ಟುವ ಮರಕುಟಿಗವನ್ನು ನಾನು ಈವರೆಗೆ ನೋಡಿಲ್ಲ.

ಆ ರಾತ್ರಿ ಉಳಿದುಕೊಂಡದ್ದು ಸ್ನೇಹಿತರ ಮನೆಯಲ್ಲಿ. ಸುಗ್ಗಿಯ ಕೊನೆ, ಅಂಗಳದಲ್ಲಿ ಅಡಿಕೆ ಸುಲಿತ ನಡೆದಿತ್ತು. ಸಾಲಾಗಿ ಕುಳಿತವರ ಮೆಟ್ಟುಗತ್ತಿಗಳಿಂದ ಚಟ್ ಚಟ್ ಎಂಬ ಸದ್ದು ತಾಳ ತಪ್ಪದೆ ಬರುತ್ತಿತ್ತು. ಮಾತು ಮರಕುಟಿಗದ ಕಡೆಗೆ ತಿರುಗಿದಾಗ ಸುಲಿಯುತ್ತಿದ್ದ ಒಬ್ಬ ಹೆಂಗಸು ಕೇಳಿದರು: "ಅಷ್ಟು ಬಡಿದ್ರೆ ಅದಕ್ಕೆ ತಲೆ ನೋಯಲ್ವಾ?"

ವಿಜ್ಞಾನಿಗಳೂ ಬಹಳ ಕಾಲ ತಲೆ ಕೆಡಿಸಿಕೊಂಡ ಪ್ರಶ್ನೆ ಇದು. ಕೊಕ್ಕಿಗೂ ಮಿದುಳಿಗೂ ನಡುವೆ ಸ್ಪಂಜಿನಂಥ ಎಲುಬಿದೆ, ಪೆಟ್ಟನ್ನೆಲ್ಲ ಅದು ಕುಡಿದುಬಿಡುತ್ತದೆ ಎಂಬುದು ಪುಸ್ತಕಗಳಲ್ಲಿದ್ದ ಉತ್ತರ. ಅದನ್ನು ನೋಡಿ ಹೆಲ್ಮೆಟ್ ಮಾಡುವ ಮಾತೂ ನಡೆದಿತ್ತು. 2022ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ಅಳೆದರು. ಪೆಟ್ಟು ಎಲ್ಲೂ ಇಂಗುತ್ತಿರಲಿಲ್ಲ. ಕೊಕ್ಕು, ತಲೆಬುರುಡೆ ಎರಡೂ ಸೇರಿ ಒಂದೇ ಗಟ್ಟಿ ಸುತ್ತಿಗೆ. ಯೋಚಿಸಿದರೆ ಸರಿಯೇ: ತಲೆಗೆ ಮೆತ್ತೆ ಕಟ್ಟಿದ ಸುತ್ತಿಗೆಯಿಂದ ಮೊಳೆ ಹೊಡೆಯಲು ಆಗುತ್ತದೆಯೇ? ಮಿದುಳು ಉಳಿಯುವುದು ಅದು ತೀರ ಚಿಕ್ಕದಾಗಿರುವುದರಿಂದ. ಸಣ್ಣ, ಹಗುರ ಮಿದುಳಿಗೆ ಅಷ್ಟು ಪೆಟ್ಟು ಅಪಾಯದ ಮಟ್ಟ ಮುಟ್ಟುವುದಿಲ್ಲ. ಇಷ್ಟು ಹೇಳಿದ್ದಕ್ಕೆ ಆಕೆ, "ಹಂಗಾರೆ ಮಿದುಳು ಸಣ್ಣ ಇದ್ದಷ್ಟೂ ಒಳ್ಳೇದು" ಎಂದರು. ಅಂಗಳವೆಲ್ಲ ನಕ್ಕಿತು.

ಕೊಕ್ಕು ಬಾಗಿಲು ತೆಗೆಯುತ್ತದೆ ಅಷ್ಟೆ, ಹುಳ ಹಿಡಿಯುವುದು ನಾಲಗೆ. ನಾಲಗೆಗೆ ಆಧಾರವಾದ ಸಣ್ಣ ಎಲುಬುಗಳು ಗಂಟಲಿನಿಂದ ಕವಲೊಡೆದು, ತಲೆಬುರುಡೆಯ ಹಿಂದಿನಿಂದ ನೆತ್ತಿ ಹತ್ತಿ ಹಣೆಯ ಕಡೆಗೆ ಬರುತ್ತವೆ. ರಾಟೆಗೆ ಸುತ್ತಿದ ಹಗ್ಗದ ಹಾಗೆ. ಬೇಕೆಂದಾಗ ನಾಲಗೆ ಕೊಕ್ಕಿನಾಚೆ ಬಹುದೂರ ಚಾಚಿ, ಅಂಟು ಮತ್ತು ಮುಳ್ಳುಗಳಿರುವ ತುದಿಯಿಂದ ಬಿಲದೊಳಗಿನ ಹುಳವನ್ನು ಎಳೆದು ತರುತ್ತದೆ.

ತೋಟದಲ್ಲಿ ಕಂಡ ಹೊನ್ನಬೆನ್ನಿನ ಹಕ್ಕಿ ಯಾವುದೆಂದು ತಿಳಿಯಲು ಎರಡು ಕಡೆ ನೋಡಿದರೆ ಸಾಕು: ಸೊಂಟ ಮತ್ತು ಮೀಸೆ. ಸೊಂಟ ಕಪ್ಪಾದರೆ ಎಲ್ಲೆಡೆ ಕಾಣುವ ಸಾಮಾನ್ಯ ಜಾತಿ. ಸೊಂಟ ಕೆಂಪಾಗಿದ್ದು, ಕೊಕ್ಕಿನ ಬುಡದಿಂದ ಕತ್ತಿಗೆ ಇಳಿಯುವ ಕಪ್ಪು ಮೀಸೆ ಒಂದೇ ಗೆರೆಯಾಗಿದ್ದರೆ ಮೂರೇ ಬೆರಳಿನ ಕಾಡಿನ ಜಾತಿ. ಮೀಸೆ ಎರಡು ಎಳೆಯಾಗಿ ಸೀಳಿ ನಡುವೆ ಬಿಳಿ ಕಂಡರೆ, ಹಿಂಗತ್ತೂ ಬೆಳ್ಳಗಿದ್ದರೆ, ಅದು ದೊಡ್ಡ ಹೊನ್ನಬೆನ್ನಿನ ಮರಕುಟಿಗ. ಸಿಡಿಲಿನ ಹೆಬ್ಬಲಸಿನಲ್ಲಿ ಮನೆ ತೋಡುತ್ತಿದ್ದದ್ದು ಇದೇ. ಕನ್ನಡದಲ್ಲಿ ಇವಕ್ಕೆಲ್ಲ ಪುಸ್ತಕದಿಂದ ಪುಸ್ತಕಕ್ಕೆ ಹೆಸರು ಬೇರೆ. ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಹಿಡಿದು ಹಕ್ಕಿ ನೋಡಲು ಕಲಿತ ನನ್ನಂಥವರಿಗೆ ಹೆಸರಿಗಿಂತ ಗುರುತು ಮುಖ್ಯ.

ಕಿಗ್ಗದ ದಾರಿಯಲ್ಲಿ

ಭಾನುವಾರ ಕತ್ತಲಿರುವಾಗಲೇ ಹರಿಹರಪುರ ದಾಟಿ, ತುಂಗೆಯ ಮಂಜು ಸೀಳಿಕೊಂಡು ಶೃಂಗೇರಿ ಸೇರಿದೆವು. ವಿದ್ಯಾಶಂಕರ ದೇಗುಲದ ಊರಿನಲ್ಲಿ ಸಂಸ್ಕೃತದ ನೆನಪು ಬಾರದಿರದು. ಅಮರಕೋಶದಲ್ಲಿ ಮರಕುಟಿಗಕ್ಕೆ 'ದಾರ್ವಾಘಾಟ' ಎಂಬ ಹೆಸರಿದೆ. ದಾರು ಎಂದರೆ ಕಟ್ಟಿಗೆ, ಅದನ್ನು ಬಡಿಯುವವನು. ನಮ್ಮ 'ಮರಕುಟಿಗ' ಎಂಬುದೂ ಅದೇ, ಉಚ್ಚರಿಸಲು ಮಾತ್ರ ಹಗುರ.

ಶೃಂಗೇರಿಯಿಂದ ಕಿಗ್ಗಕ್ಕೆ ಸುಮಾರು 10 ಕಿಲೋಮೀಟರ್. ಆಚೆಗೆ ಸಿರಿಮನೆ ಜಲಪಾತದ ದಾರಿ, ಮೇಲೆ ನರಸಿಂಹ ಪರ್ವತ. ಇಲ್ಲಿ ಕಾಡು ದಟ್ಟ, ಬೆಳಕು ಕಡಿಮೆ. ಗಂಟೆಗಟ್ಟಲೆ ನಡೆದರೂ ಒಂದು ಹಕ್ಕಿ ಕಾಣದೆ ಹೋಗಬಹುದು. ಆಮೇಲೆ ಒಮ್ಮೆಲೇ ಮರವೆಲ್ಲ ಹಕ್ಕಿ. ಭೀಮರಾಜ ಮುಂದಾಳಾಗಿ, ಕೆಂಪು ಹಳದಿಯ ಚಿತ್ರಪಕ್ಷಿಗಳು, ಕಾಂಡದ ಮೇಲೆ ತಲೆಕೆಳಗಾಗಿ ಓಡುವ ಪುಟಾಣಿಗಳು, ನಡುವೆ ಒಂದೆರಡು ಮರಕುಟಿಗ, ಹೀಗೆ ಜಾತ್ರೆಗೆ ಹೊರಟವರ ಹಾಗೆ ಒಟ್ಟಾಗಿ ಬೇಟೆಯಾಡುತ್ತ ಸಾಗುತ್ತವೆ. ಒಬ್ಬ ಎಬ್ಬಿಸಿದ ಹುಳ ಇನ್ನೊಬ್ಬನಿಗೆ, ಗಿಡುಗ ಬಂದರೆ ಎಚ್ಚರಿಕೆ ಎಲ್ಲರಿಗೂ. ಅಂಥ ಒಂದು ಗುಂಪಿನಲ್ಲಿ ಸಿಕ್ಕಿತು ಹೃದಯ ಚುಕ್ಕೆಯ ಮರಕುಟಿಗ. ಅಂಗೈಯಲ್ಲಿ ಹಿಡಿಸುವ, ಬಾಲವೇ ಇಲ್ಲವೇನೋ ಎನ್ನುವಷ್ಟು ಮೋಟು ಹಕ್ಕಿ. ತಲೆಗೆ ಮಾತ್ರ ಮೈಗೆ ಮೀರಿದ ಜುಟ್ಟು. ಮಾಸಲು ಬಿಳಿ ರೆಕ್ಕೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದಂತೆ ಪುಟ್ಟ ಪುಟ್ಟ ಹೃದಯಗಳು.

ಮಧ್ಯಾಹ್ನದ ಹೊತ್ತಿಗೆ ಕಂಡದ್ದು ಇನ್ನೂ ಸೋಜಿಗ. ಕವಲು ಕೊಂಬೆಗೆ ಅಂಟಿದ್ದ ಫುಟ್‌ಬಾಲ್ ಗಾತ್ರದ ಕಂದು ಉಂಡೆ. ಬಾಲ ಎತ್ತಿಕೊಂಡು ಓಡಾಡುವ ಸಣ್ಣ ಕಪ್ಪು ಇರುವೆಗಳು ಮರದ ನಾರು ಅಗಿದು ರಟ್ಟಿನಂತೆ ಕಟ್ಟಿದ ಗೂಡು ಅದು. ಕೈ ಹಾಕಿದರೆ ಮೈಯೆಲ್ಲ ಕಡಿಸಿಕೊಳ್ಳಬೇಕು. ಮೈಯೆಲ್ಲ ಇಟ್ಟಿಗೆ ಬಣ್ಣದ, ಕಪ್ಪು ಅಡ್ಡಪಟ್ಟಿಗಳ ಒಂದು ಮರಕುಟಿಗ ಅದರ ಪಕ್ಕ ಬಂದು ಕೂತು ನಿರಾಳವಾಗಿ ಇರುವೆ ಹೆಕ್ಕತೊಡಗಿತು. ಕೆಂಚು ಮರಕುಟಿಗದ ಇಡೀ ಬಾಳು ಈ ಇರುವೆಗಳ ಜೊತೆ ಹೆಣೆದುಕೊಂಡಿದೆ. ಹೊಟ್ಟೆಗೆ ಇದೇ ಇರುವೆ. ಮೊಟ್ಟೆ ಇಡುವುದೂ ಇದೇ ಇರುವೆಗಳು ತುಂಬಿರುವ ಗೂಡಿನೊಳಗೆ ಬಿಲ ಕೊರೆದು. ಊಟದ ಮನೆಯಲ್ಲೇ ಬಾಣಂತನ. ತಮ್ಮನ್ನೇ ತಿನ್ನುವ ಹಕ್ಕಿಯ ಮರಿಗಳನ್ನು ಇರುವೆಗಳು ಹೊರಗಟ್ಟುವುದಿಲ್ಲ. ಇದರ ತಾಳವೂ ಬೇರೆ. ಜೋರಾಗಿ ಶುರುವಾಗಿ ನಿಧಾನವಾಗುತ್ತ ನಿಲ್ಲುತ್ತದೆ, ಪೆಟ್ರೋಲ್ ಮುಗಿದ ಬೈಕಿನ ಎಂಜಿನ್ ಆರಿದಂತೆ.

ಈ ಕಾಡಿನ ದೊಡ್ಡ ಯಜಮಾನ ಬಿಳಿಹೊಟ್ಟೆಯ ಕರಿ ಮರಕುಟಿಗ. ಉದ್ದ ಸುಮಾರು 48 ಸೆಂಟಿಮೀಟರ್, ಅಂದರೆ ಊರಿನ ಕಾಗೆಗಿಂತ ದೊಡ್ಡದು. ಇದ್ದಿಲಿನಂಥ ಮೈ, ಬಿಳಿ ಹೊಟ್ಟೆ, ಗಂಡಿಗೆ ಹಣೆಯಿಂದ ನೆತ್ತಿಯವರೆಗೂ ಕೆಂಪು ಜುಟ್ಟು. ನಮಗೆ ಮೊದಲು ಸಿಕ್ಕಿದ್ದು ಅದರ ಗುರುತು: ಬಿದ್ದು ಕೊಳೆಯುತ್ತಿದ್ದ ದೊಡ್ಡ ಮರದ ಬೊಡ್ಡೆಯನ್ನು ಯಾರೋ ಕೊಡಲಿ ಹಾಕಿ ಸೀಳಿದಂತೆ ಗೇಣುದ್ದದ ಕುಳಿಗಳು. ಆಮೇಲೆ ಕಣಿವೆಯಾಚೆಯಿಂದ ಕಾಡೆಲ್ಲ ಮೊಳಗುವ ಬಡಿತ. ಒಂದು ಗಂಟೆ ಕಾದೆವು. ಕೊನೆಗೆ ದಾರಿಗೆ ಅಡ್ಡಲಾಗಿ ಕಪ್ಪು ಬಿಳಿ ರೆಕ್ಕೆಗಳು ಭಾರವಾಗಿ ಬಡಿದು ಹೋದವು. ಎರಡು ಸೆಕೆಂಡಿರಬಹುದು. ಫೋಟೊ ಇಲ್ಲ. ಬೇಸರವೂ ಇಲ್ಲ.

ಪಶ್ಚಿಮಘಟ್ಟದ ಮರಕುಟಿಗಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ವಿ. ಶಾಂತಾರಾಂ ಅವರಂಥ ಪಕ್ಷಿತಜ್ಞರು ಈ ಹಕ್ಕಿಯ ವಿಷಯದಲ್ಲಿ ಮುಖ್ಯವಾಗಿ ಹೇಳುವುದು ದೊಡ್ಡ ಮರಗಳ, ಒಣಮರಗಳ ಮಾತು. ಅಷ್ಟು ದೊಡ್ಡ ಹಕ್ಕಿಯ ಗೂಡು ಹಿಡಿಸಬೇಕಾದರೆ ಕಾಂಡ ತಬ್ಬಲಾರದಷ್ಟು ದಪ್ಪವಿರಬೇಕು. ಅಂಥ ಮರ ಬೆಳೆಯಲು ಮನುಷ್ಯನ ಒಂದು ತಲೆಮಾರು ಸಾಲದು.

ಬಾಡಿಗೆ ಕೇಳದ ಮನೆ

ಕುಬ್ಜ ಮರಕುಟಿಗಕ್ಕೆ ಕಡ್ಡಿ, ಹಸಿರಿನದಕ್ಕೆ ನೆಲ, ಕೆಂಚನಿಗೆ ಇರುವೆ ಗೂಡು, ಹೊನ್ನಬೆನ್ನಿಗೆ ಕಾಂಡ, ಕರಿಯ ದೊಡ್ಡದಕ್ಕೆ ಕೊಳೆತ ದಿಮ್ಮಿ. ಅಡಿಕೆ ಸುಗ್ಗಿಯಲ್ಲಿ ಕೊಯ್ಯುವವರು, ಸುಲಿಯುವವರು, ಬೇಯಿಸುವವರು ಬೇರೆ ಬೇರೆ ಇದ್ದಂತೆ ಇವೂ ಕೆಲಸ ಹಂಚಿಕೊಂಡಿವೆ. ಎಲ್ಲರಿಗೂ ಸಮಾನವಾಗಿ ಬೇಕಾದ್ದು ಒಂದೇ: ಹುಳ ಹಿಡಿದ, ಒಳಗೆ ಮೆತ್ತಗಾದ, ಸಾಯುತ್ತಿರುವ ಅಥವಾ ಸತ್ತ ಮರ.

ಮರಕುಟಿಗ ಸಾಮಾನ್ಯವಾಗಿ ಹಳೆಯ ಗೂಡಿಗೆ ಮರಳುವುದಿಲ್ಲ, ಹೊಸ ವರ್ಷಕ್ಕೆ ಹೊಸ ಮನೆ. ಗಂಡು ಹೆಣ್ಣು ಎರಡೂ ಸೇರಿ ತೋಡುತ್ತವೆ, ರಾತ್ರಿಯ ಕಾವು ಗಂಡಿನ ಪಾಲು. ಮರಿಗಳು ಹಾರಿಹೋದ ಮೇಲೆ ಆ ಪೊಟರೆ ಖಾಲಿ. ಮರ ಕೊರೆಯಲು ಬಾರದ, ಆದರೆ ಪೊಟರೆ ಇಲ್ಲದೆ ಬದುಕಲಾರದ ಜೀವಗಳು ಅದಕ್ಕೇ ಕಾದಿರುತ್ತವೆ. ಗಿಳಿ, ಗೊರವಂಕ, ಸಣ್ಣ ಗೂಬೆ, ಮಡಿವಾಳ ಹಕ್ಕಿ, ಅಳಿಲು. ಸಿಡಿಲಿನ ಹೆಬ್ಬಲಸಿನ ಕೆಳಗಿನ ತೂತಿನಲ್ಲಿ ನಮ್ಮ ಕಣ್ಣೆದುರೇ ಜೇನು ಓಡಾಡುತ್ತಿತ್ತು. ಯಜಮಾನರೇ ಗುರುತು ಹಿಡಿದರು: "ತುಡುವೆ." ಅಡಿಕೆ, ಏಲಕ್ಕಿ, ಕಾಫಿ ಹೂವಿಗೆ ಬರುವ ಜೇನು ಇದೇ ಎಂದು ಅವರಿಗೆ ನಾವು ಹೇಳಬೇಕಾಗಿರಲಿಲ್ಲ. ಅದಕ್ಕೆ ಮನೆ ಕಟ್ಟಿಕೊಟ್ಟದ್ದು ಮರಕುಟಿಗ ಎಂಬುದಷ್ಟೇ ಅವರಿಗೆ ಹೊಸತು.

ಮರಕುಟಿಗವಿಲ್ಲದ ಖಂಡದಿಂದ

ಅಂಟಾರ್ಕ್ಟಿಕಾ ಬಿಟ್ಟರೆ ಪ್ರಪಂಚದಲ್ಲಿ ಮರಕುಟಿಗವೇ ಇಲ್ಲದ ದೊಡ್ಡ ನೆಲಗಳು ಬೆರಳೆಣಿಕೆಯಷ್ಟು: ಆಸ್ಟ್ರೇಲಿಯಾ, ನ್ಯೂಗಿನಿ, ಮಡಗಾಸ್ಕರ್. ಮಡಗಾಸ್ಕರ್‌ನಲ್ಲಿ ಆ ಕೆಲಸವನ್ನು ಐ-ಐ ಎಂಬ, ಕಾಡುಪಾಪದ ಬಳಗದ ಪ್ರಾಣಿ ಮಾಡುತ್ತದೆ. ಉದ್ದನೆಯ ಬೆರಳಿನಿಂದ ಕೊಂಬೆ ತಟ್ಟಿ, ಟೊಳ್ಳಿನ ಸದ್ದು ಕೇಳಿ, ಹಲ್ಲಿನಿಂದ ಮರ ಕಚ್ಚಿ ತೆರೆದು, ಬೆರಳಿನಿಂದ ಹುಳ ಎಳೆಯುತ್ತದೆ.

ಈ ಪಟ್ಟಿಯಲ್ಲಿ ಆಸ್ಟ್ರೇಲಿಯಾ ಇರುವುದು ಮಲೆನಾಡಿನವರನ್ನು ತುಸು ಯೋಚನೆಗೆ ಹಚ್ಚಬೇಕು. ಕಾಫಿ ತೋಟದಲ್ಲಿ ಹಳೆಯ ನೆರಳಿನ ಮರಗಳ ಜಾಗಕ್ಕೆ ಸಾಲು ಸಾಲಾಗಿ ಬಂದ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಗುಡ್ಡಗಳ ಮೇಲೆ ನೆಡುತೋಪಾಗಿ ನಿಂತ ಅಕೇಶಿಯಾ ಆ ಕಡೆಯದು. ನೀಲಗಿರಿಯೂ ಅಲ್ಲಿನದೇ. ಮರಕುಟಿಗಕ್ಕೂ ಇವಕ್ಕೂ ಹಗೆಯೇನಿಲ್ಲ, ಅಕೇಶಿಯಾ ತೋಪಿನಲ್ಲಿ ಕುಬ್ಜ ಮರಕುಟಿಗ ಓಡಾಡುವುದನ್ನು ನೋಡಿದ್ದೇನೆ. ತೊಂದರೆ ಇರುವುದು ನಾವು ಇವನ್ನು ಬೆಳೆಸುವ ಬಗೆಯಲ್ಲಿ. ನೆಟ್ಟಗೆ, ಬೇಗ ಬೆಳೆದು, ಮುಪ್ಪು ಮುಟ್ಟುವ ಮೊದಲೇ ಲಾರಿ ಹತ್ತುತ್ತವೆ. ಹಾಲುವಾಣದಂಥ ಮೆದು ಮರವೋ, ಅತ್ತಿ, ಆಲ, ಹಲಸಿನಂಥ ಹಳೆಯ ಮರವೋ ನಿಧಾನಕ್ಕೆ ಕೊಂಬೆ ಒಣಗಿಸಿಕೊಂಡು, ಟೊಳ್ಳಾಗಿ, ಅರ್ಧ ಸತ್ತು ಅರ್ಧ ಬದುಕಿ ನಿಲ್ಲುವ ಕಾಲವೇ ಇವಕ್ಕಿಲ್ಲ.

ಬಾಳೆಹೊನ್ನೂರಿನ ಪಕ್ಕದಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಅರೇಬಿಕಾ ಕಾಫಿಯ ದೊಡ್ಡ ಶತ್ರು ಬಿಳಿ ಕಾಂಡಕೊರಕ, ನೆರಳು ತೆಳುವಾಗಿ ಬಿಸಿಲು ಬೀಳುವಲ್ಲಿ ಅದರ ಹಾವಳಿ ಜಾಸ್ತಿ ಎಂಬುದು ಈ ಸೀಮೆಯ ಬೆಳೆಗಾರರಿಗೆಲ್ಲ ಬಾಯಿಪಾಠ. ಮರಕುಟಿಗ ಬಂದು ಕೊರಕವನ್ನು ಮುಗಿಸಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಹಳೆಯ ನೆರಳು ಕಾಫಿಗೂ ಒಳ್ಳೆಯದು, ಹಕ್ಕಿಗೂ ಒಳ್ಳೆಯದು ಎಂಬುದರಲ್ಲಿ ಅನುಮಾನವಿಲ್ಲ.

ಅಡಿಕೆಯ ಕಥೆ ಹೆಚ್ಚು ನೋವಿನದು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಭಾಗದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಹಿಂಡುತ್ತಿದೆ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ಸುಳಿ ಹೋದ ಅಡಿಕೆ ಮರಗಳು ಬೋಳು ಕಂಬಗಳಂತೆ ನಿಂತ ತೋಟ ನೋಡಿದರೆ ಯಾರಿಗೂ ಸಂಕಟವಾಗುತ್ತದೆ. ಅಂಥ ಕಂಬಗಳಲ್ಲೂ ಕುಟ್ರನೋ ಮರಕುಟಿಗವೋ ಕೊರೆದ ತೂತು ಕಾಣುತ್ತದೆ. ಬೆಳೆ ಕಳೆದುಕೊಂಡ ರೈತನ ಮುಂದೆ ಹಕ್ಕಿಯ ಚೆಂದ ಹೊಗಳುವುದು ಒರಟುತನ. ಅಣಬೆ ರೋಗ ಹಿಡಿದ ಮರವನ್ನು ಬುಡಸಮೇತ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕೇಳಿಕೊಳ್ಳುವುದೇನಿದ್ದರೂ ತೋಟದ ಅಂಚಿನ, ಬೆಟ್ಟದ ಮೇಲಿನ ಕಾಡುಮರಗಳ ಬಗ್ಗೆ.

ಮಲೆನಾಡಿಗೆ ಇದು ಹೊಸ ಪಾಠವೂ ಅಲ್ಲ. ಚೌಡಿಬನ, ನಾಗಬನ, ಭೂತನ ಬನಗಳಲ್ಲಿ ಹಸಿಮರ ಇರಲಿ, ಬಿದ್ದ ಒಣಕೊಂಬೆಯನ್ನೂ ಮನೆಗೆ ತರಬಾರದೆಂಬ ಕಟ್ಟಳೆ ಇತ್ತು. ಶೃಂಗೇರಿಯ ತುಂಗೆಯಲ್ಲಿ ಮೀನು ಹಿಡಿಯಬಾರದೆಂಬ ನೇಮದಿಂದ ಆ ಮೀನು ಮೊಳಕೈ ಉದ್ದ ಬೆಳೆದಿವೆ. ಬನದ ಒಣಮರಕ್ಕೆ ಚೌಡಿ ಕಾವಲಿದ್ದಳು. ತೋಟದ ಅಂಚಿನ ಒಣಮರಕ್ಕೆ ಯಾರೂ ಇಲ್ಲ.

ಹೊರಡುವ ಮುನ್ನ

ಹೋಗುವುದಾದರೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹಕ್ಕಿಗಿಂತ ಇಂಬಳವೇ ಹೆಚ್ಚು ಸಿಗುತ್ತದೆ. ಆದರೆ ಡಿಸೆಂಬರ್‌ನಿಂದ ಮೇವರೆಗೆ ಈ ಸೀಮೆಯಲ್ಲಿ ಮಂಗನ ಕಾಯಿಲೆಯ ಭಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗಿನ ಕಡಿತದಿಂದ ಹರಡುತ್ತದೆ. ಕೈಕಾಲು ಮುಚ್ಚುವ ಬಟ್ಟೆ ಹಾಕಿ, ಡೆಪಾ ಎಣ್ಣೆ ಹಚ್ಚಿಕೊಳ್ಳಿ, ದರಗಿನ ಮೇಲೆ ಕೂರಬೇಡಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಭದ್ರಾ ಹುಲಿ ಮೀಸಲು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ಅದರ ಅಗತ್ಯವೂ ಇಲ್ಲ. ನಾವು ಕಂಡ ಹಕ್ಕಿಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ರಸ್ತೆ ಬದಿಯಲ್ಲಿ, ತೋಟದಲ್ಲಿ. ತೋಟಕ್ಕೆ ಇಳಿಯುವ ಮೊದಲು ಒಂದು ಮಾತು ಕೇಳಿ, ಕಾಫಿ ಕುಡಿಸದೆ ಕಳಿಸುವವರು ಇಲ್ಲಿ ಕಡಿಮೆ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಗೂಡಿನ ಕಾಲದಲ್ಲಿ ಅದು ಎದುರಾಳಿ ಬಂದನೆಂದು ಮೊಟ್ಟೆ ಬಿಟ್ಟು ಓಡಿಬರುತ್ತದೆ.

ಇನ್ನು ತೋಟ, ಬೆಟ್ಟ ಇರುವವರಲ್ಲಿ ಒಂದು ಬಿನ್ನಹ. ಮಳೆಗಾಲಕ್ಕೆ ಮುಂಚೆ ಒಣಮರ ಕೊಯ್ಸುವ ರೂಢಿ ನಿಮ್ಮಲ್ಲಿದ್ದರೆ, ಮನೆ, ದಾರಿ, ಕರೆಂಟ್ ತಂತಿಯ ಮೇಲೆ ಬೀಳುವಂಥದ್ದನ್ನು ಖಂಡಿತ ಕೊಯ್ಸಿ. ಉಳಿದವುಗಳಲ್ಲಿ ಒಂದನ್ನಾದರೂ, ದಪ್ಪ ಇರುವುದನ್ನೇ ನೋಡಿ, ಹಾಗೇ ಬಿಡಿ. ಅದಕ್ಕೆ ನೀರು ಗೊಬ್ಬರ ಏನೂ ಬೇಡ. ಕೊಡಲಿ ಮುಟ್ಟದಿದ್ದರೆ ಸಾಕು.